ಗ್ರಂಥಾಲಯಕ್ಕಾಗಿ ಒಂದು ಬಿನ್ನಹ

ಮೂವತ್ತು ವರ್ಷಕ್ಕೂ ಮಿಕ್ಕಿ ಕೊಡಗಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ನಾನು. ವಿದ್ಯಾರ್ಥಿಗಳಿಗೆ ಪ್ರಬಂಧರಚನೆಯನ್ನೂ ಪತ್ರಲೇಖನವನ್ನೂ ಕಲಿಸಿದ್ದೇನೆ. ಉತ್ತರಪತ್ರಿಕೆಗಳ ಅಂಚಿನಲ್ಲಿ ಕೆಂಪು ಶಾಯಿಯಿಂದ ಷರಾ ಬರೆಯುತ್ತಲೇ ಅರ್ಧ ಆಯುಷ್ಯ ಕಳೆದಿದ್ದೇನೆ. ಹೀಗಾಗಿ, ನಮ್ಮೂರ ವಾಚನಾಲಯದ ಕಾರ್ಯದರ್ಶಿಗಳು ಒಂದು ಸಂಜೆ ಕೊಡೆ ಮಡಚಿ ಜಗಲಿ ಹತ್ತಿ, "ಮೇಷ್ಟ್ರೇ, ಅನುದಾನಕ್ಕೆ ಒಂದು ಅರ್ಜಿ ಬರೆದುಕೊಡಬೇಕು, ಅದು ನಿಮ್ಮ ಕೈಯಿಂದಲೇ ಆಗಬೇಕು" ಎಂದಾಗ, ಇದೇನು ಮಹಾ ಕೆಲಸವೆಂದು ಒಪ್ಪಿಕೊಂಡೆ.

ಆ ರಾತ್ರಿಯೇ ಐದು ಪುಟ ಬರೆದೆ. ಜ್ಞಾನವೆಂಬ ಜ್ಯೋತಿಯಿಂದ ಆರಂಭಿಸಿ, ವಾಗ್ದೇವಿಯನ್ನು ಸ್ಮರಿಸಿ, ಗ್ರಂಥಗಳು ಮಾನವಕುಲದ ಮಹಾಸಂಪತ್ತೆಂದು ಸಾರಿ, ಕೊಡಗಿನ ಗೌರಮ್ಮನವರಿಂದ ಭಾರತೀಸುತರವರೆಗೆ ಈ ನೆಲದ ಕನ್ನಡ ಪರಂಪರೆಯನ್ನು ಕೊಂಡಾಡಿ, ಕೊನೆಯಲ್ಲಿ 'ದೊಡ್ಡ ಮನಸ್ಸು ಮಾಡಿ ಸಹಾಯಹಸ್ತ ನೀಡಬೇಕು' ಎಂದು ಮುಗಿಸಿದೆ. ಕಾರ್ಯದರ್ಶಿಗಳು ಓದಿ ಕಣ್ಣೊರೆಸಿಕೊಂಡರು. ಎರಡು ತಿಂಗಳಾದ ಮೇಲೆ ಆ ಅರ್ಜಿ ಹಿಂದಿರುಗಿ ಬಂತು. ಜೊತೆಯಲ್ಲಿ ಒಂದು ಚೀಟಿ. ಅದರಲ್ಲಿ ಇದ್ದುದು ಎರಡೇ ಪ್ರಶ್ನೆ: ನಿಮ್ಮ ಗ್ರಂಥಾಲಯಕ್ಕೆ ಯಾರು ಬರುತ್ತಾರೆ? ನಮ್ಮ ಹಣ ಮುಗಿದ ಮೇಲೆ ಅದನ್ನು ಯಾರು ನಡೆಸುತ್ತಾರೆ?

ಯಾವ ಸಂಸ್ಥೆಯೆಂದು ಹೇಳುವುದು ಬೇಡ, ತಪ್ಪು ಅವರದಲ್ಲ. ಮೊದಲ ಮೂರು ದಿನ ನನಗೆ ಬಂದದ್ದು ಸಿಟ್ಟೇ. ನಾಲ್ಕನೆಯ ದಿನ ಆ ಐದು ಪುಟಗಳನ್ನು ಯಾರೋ ವಿದ್ಯಾರ್ಥಿ ಬರೆದದ್ದೆಂಬಂತೆ ಓದಿ ನೋಡಿದೆ. ಅಂಚಿನಲ್ಲಿ ನಾನೇ ಬರೆಯುತ್ತಿದ್ದ ಷರಾ ನೆನಪಿಗೆ ಬಂತು: 'ಭಾಷೆ ಚೆನ್ನಾಗಿದೆ, ಪ್ರಶ್ನೆಗೆ ಉತ್ತರವಿಲ್ಲ.'

ಗ್ರಂಥಾಲಯಕ್ಕೆ ನೆರವು ಕೇಳುವುದನ್ನು ಹೇಗೆ ಬರೆಯಬೇಕೆಂಬುದನ್ನು ನಾನು ಆಮೇಲೆ ಕಲಿತದ್ದು ಸಾಕಷ್ಟು ಪೆಟ್ಟು ತಿಂದೇ. ಅದನ್ನೇ ಇಂದು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಇಂಥ ವಾಚನಾಲಯಗಳು ನಾಡಿನ ತುಂಬ ಇವೆ. ಅವುಗಳ ಕಾರ್ಯದರ್ಶಿಗಳು ನಿಮ್ಮ ಜಗಲಿಯನ್ನೂ ಒಂದು ದಿನ ಹತ್ತಿಯಾರು.

ದಾರಿ ತೋಚದೆ ಹೋದಾಗ ಅಧ್ಯಾಪಕನಾದವನು ತನ್ನ ಕಪಾಟಿಗೇ ಹೋಗುತ್ತಾನೆ. ನನ್ನ ಕಪಾಟಿನಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಮೊದಲ ಸಂಪುಟವಿತ್ತು. ಬಿ. ಎಲ್. ರೈಸ್ ಅವರು ಆ ಮಹಾಮಾಲೆಯನ್ನು ಆರಂಭಿಸಿದ್ದು ಕೊಡಗಿನ ಶಾಸನಗಳಿಂದ, ೧೮೮೬ರಲ್ಲಿ. ಅದರಲ್ಲಿರುವ ಬಿಳಿಯೂರಿನ ಕಲ್ಬರಹ ಶಕ ೮೦೯ಕ್ಕೆ, ಎಂದರೆ ಕ್ರಿಸ್ತಶಕ ಒಂಬತ್ತನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದ್ದು. ಗಂಗರ ಸತ್ಯವಾಕ್ಯ ಪೆರ್ಮಾನಡಿಯು ತನ್ನ ಆಳ್ವಿಕೆಯ ಹದಿನೆಂಟನೆಯ ವರ್ಷದಲ್ಲಿ ಪೆಣ್ಣೆಕಡಂಗದ ಸತ್ಯವಾಕ್ಯ ಜಿನಾಲಯಕ್ಕೆಂದು ಸರ್ವಣಂದಿದೇವರಿಗೆ ಬಿಳಿಯೂರಿನ ಹನ್ನೆರಡು ಹಳ್ಳಿಗಳನ್ನು ಬಿಟ್ಟುಕೊಟ್ಟ ದಾನದ ಬರಹ ಅದು. ಈ ಶಾಸನವನ್ನು ಎಷ್ಟೋ ಸಲ ಲಿಪಿಯ ದೃಷ್ಟಿಯಿಂದ, ಭಾಷೆಯ ದೃಷ್ಟಿಯಿಂದ ಓದಿದ್ದೆ. ಕೊಟ್ಟದ್ದನ್ನು ಹೇಗೆ ಬರೆದಿಡುತ್ತಿದ್ದರೆಂಬ ದೃಷ್ಟಿಯಿಂದ ಓದಿದ್ದು ಅದೇ ಮೊದಲು. ಯಾವಾಗ ಕೊಟ್ಟದ್ದು, ಯಾರು ಕೊಟ್ಟದ್ದು, ಯಾರ ಕೈಗೆ, ಯಾವುದಕ್ಕೆಂದು, ನಿರ್ದಿಷ್ಟವಾಗಿ ಏನನ್ನು, ಸಾಕ್ಷಿಗಳು ಯಾರು, ಎಲ್ಲವೂ ಅಲ್ಲಿದೆ. ಕಲ್ಲಿನ ಮೇಲೆ ಉಳಿಯಿಂದ ಕೆತ್ತಬೇಕಾದವನಿಗೆ ಮಾತು ಬೆಳೆಸಲು ಬಿಡುವಿರಲಿಲ್ಲ.

ಅಲ್ಲಿಂದ ಮನಸ್ಸು ನಾಗಾವಿಗೆ ಹೋಯಿತು. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಾಗಾವಿಯ ೧೦೫೮ರ ಶಾಸನವನ್ನು ಗ್ರಂಥಾಲಯದ ವಿಚಾರವೆತ್ತುವ ಕನ್ನಡಿಗರೆಲ್ಲ ಒಮ್ಮೆ ನೆನೆಯಬೇಕು. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಅಲ್ಲಿನ ಘಟಿಕಾಸ್ಥಾನಕ್ಕೆ ಮಾಡಿದ ಏರ್ಪಾಟನ್ನು ಅದು ಹೇಳುತ್ತದೆ. ವೇದ ಓದುವ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರ ಓದುವ ಐವತ್ತೆರಡು ಮಂದಿ, ಅವರಿಗೆ ಪಾಠ ಹೇಳುವವರು, ಇವರೆಲ್ಲರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಇಂದಿನ ಮಾತಿನಲ್ಲಿ ಗ್ರಂಥಪಾಲಕರು. ಪುಸ್ತಕದ ಕಟ್ಟುಗಳನ್ನು ಕೊಟ್ಟು ಕೈತೊಳೆದುಕೊಂಡ ದಾನವಲ್ಲ ಅದು. ಅವುಗಳನ್ನು ಕಾಯುವ, ತೆಗೆದುಕೊಡುವ ಆರು ಜನರ ಹೊಟ್ಟೆಪಾಡಿಗೂ ಭೂಮಿಯನ್ನು ಬಿಟ್ಟ ದಾನ. ಅಲ್ಲದೆ ಅಲ್ಲಿ ಓದುವವರ ಲೆಕ್ಕ ಎಷ್ಟು ಖಚಿತ ನೋಡಿ: ಐವತ್ತೆರಡು. 'ಅನೇಕ ವಿದ್ಯಾರ್ಥಿಗಳು' ಎಂದು ಆ ಶಾಸನಕವಿ ಬರೆಯಲಿಲ್ಲ. ನನ್ನ ಐದು ಪುಟಗಳಲ್ಲಿ 'ಅನೇಕ' ಎಂಬ ಪದ ಹನ್ನೊಂದು ಸಲ ಬಂದಿತ್ತು. ನಮ್ಮ ಗ್ರಂಥಪಾಲಕಿಯ ಪ್ರಸ್ತಾಪವೇ ಇರಲಿಲ್ಲ.

ಚೀಟಿಯ ಎರಡು ಪ್ರಶ್ನೆಗಳಿಗೂ ಉತ್ತರದ ಬಗೆ ಹೀಗೆ ಸಾವಿರ ವರ್ಷ ಹಿಂದೆಯೇ ಕಲ್ಲಿನ ಮೇಲೆ ಇತ್ತು.

ಇನ್ನು ಕೇಳುವುದು ಯಾರನ್ನು? ಇದರಲ್ಲಿಯೂ ನಮ್ಮಲ್ಲಿ ಬಹಳ ಗೊಂದಲವಿದೆ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ ೧೯೬೫ರದು. ಅದರಂತೆ ಆಸ್ತಿತೆರಿಗೆಯ ಜೊತೆಯಲ್ಲಿ ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಈಗ ಅದು ಶೇಕಡಾ ೬. ದೊಡ್ಡ ನಗರಗಳಲ್ಲಿ ಇದು ದೊಡ್ಡ ಮೊತ್ತ. ಆದರೆ ೨೦೧೧ರ ಜನಗಣತಿಯಂತೆ ನಮ್ಮದು ಸುಮಾರು ಐದೂವರೆ ಲಕ್ಷ ಜನರ ಜಿಲ್ಲೆ, ರಾಜ್ಯದಲ್ಲೇ ಅತಿ ಕಡಿಮೆ. ಪಟ್ಟಣಗಳು ಸಣ್ಣವು, ಅವುಗಳ ಆಸ್ತಿತೆರಿಗೆಯೂ ಸಣ್ಣದು. ಕರದ ಹಣ ಎಷ್ಟು ದೂರ ಹೋದೀತೆಂದು ಊಹಿಸಬಹುದು. ಗ್ರಾಮ ಪಂಚಾಯತಿ ಗ್ರಂಥಾಲಯಗಳು ೨೦೧೯ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ೨೦೨೦ರ ನವೆಂಬರ್ ೧೪ರಿಂದ ಅವುಗಳಲ್ಲಿ ಮಕ್ಕಳಿಗಾಗಿ 'ಓದುವ ಬೆಳಕು' ಕಾರ್ಯಕ್ರಮ ನಡೆಯಿತು. ನಮ್ಮದು ಇವೆರಡಕ್ಕೂ ಸೇರದ, ಊರವರೇ ಕಟ್ಟಿಕೊಂಡ, ಸಂಘವಾಗಿ ನೋಂದಣಿಯಾದ ವಾಚನಾಲಯ. ಅಂಥವು ಕೇಳಬಹುದಾದ ಕಡೆ ಮುಖ್ಯವಾಗಿ ಎರಡು.

ಒಂದು, ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ. ರಾಯ್ ಅವರ ಜನ್ಮದ್ವಿಶತಮಾನದ ವರ್ಷ ೧೯೭೨ರ ಮೇ ತಿಂಗಳಲ್ಲಿ ಸ್ಥಾಪನೆಯಾದ, ಕೇಂದ್ರ ಸಂಸ್ಕೃತಿ ಸಚಿವಾಲಯಕ್ಕೆ ಸೇರಿದ, ಕೋಲ್ಕತ್ತದ ಸಂಸ್ಥೆ ಇದು. ರಾಜ್ಯ ಸರಕಾರ ತನ್ನ ಪಾಲನ್ನು ಹಾಕಿದರೆ ಪ್ರತಿಷ್ಠಾನವೂ ತನ್ನ ಪಾಲು ಹಾಕುವ ಯೋಜನೆ ಒಂದು ಬಗೆ. ರಾಜ್ಯದ ಪಾಲನ್ನು ಕಾಯದ ಯೋಜನೆಗಳು ಇನ್ನೊಂದು ಬಗೆ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಗ್ರಂಥಾಲಯಗಳಿಗೆ ನೆರವು, ಮಕ್ಕಳ ವಿಭಾಗಕ್ಕೆ ನೆರವು, ಐವತ್ತು, ಅರವತ್ತು, ಎಪ್ಪತ್ತೈದು, ನೂರು ವರ್ಷ ತುಂಬಿದ ಗ್ರಂಥಾಲಯಗಳ ಉತ್ಸವಕ್ಕೆ ನೆರವು, ಇವೆಲ್ಲ ಎರಡನೆಯ ಬಗೆಯಲ್ಲಿ ಬರುತ್ತವೆ. ಅರ್ಜಿ ನೇರವಾಗಿ ಕೋಲ್ಕತ್ತಕ್ಕೆ ಹೋದರೆ ಸಾಲದು, ರಾಜ್ಯದ ಗ್ರಂಥಾಲಯ ಸಮಿತಿಯ ಶಿಫಾರಸು ಬೇಕು. ಈ ಒಂದು ಸಂಗತಿ ತಿಳಿಯದೆ ಎಷ್ಟೋ ಲಕೋಟೆಗಳು ವ್ಯರ್ಥವಾಗಿ ಪ್ರಯಾಣ ಮಾಡಿವೆ.

ಇನ್ನೊಂದು, ಉದ್ಯಮಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ. ೨೦೧೩ರ ಕಂಪನಿ ಅಧಿನಿಯಮದ ೧೩೫ನೆಯ ಪ್ರಕರಣದಂತೆ ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ ೨ನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡತಕ್ಕದ್ದು. ಯಾವ ಕಾರ್ಯಕ್ಕೆ ಎಂಬುದನ್ನು ಅದೇ ಕಾಯಿದೆಯ ಏಳನೆಯ ಅನುಸೂಚಿ ಹೇಳುತ್ತದೆ. ಅದರ ಐದನೆಯ ಅಂಶದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಸ್ಥಾಪನೆ ಸ್ಪಷ್ಟವಾಗಿ ಹೆಸರಿಸಲ್ಪಟ್ಟಿದೆ. ಗ್ರಂಥಾಲಯವು ದಾನಿಯ ಔದಾರ್ಯವನ್ನು ಕಾಯಬೇಕಾದ ವಸ್ತುವಲ್ಲ, ಕಾನೂನೇ ಗುರುತಿಸಿದ ಕಾರ್ಯ ಎಂಬುದನ್ನು ಅರ್ಜಿಯ ಮೊದಲ ಪುಟದಲ್ಲಿ ಒಂದು ಸಾಲಿನಲ್ಲಿ ಹೇಳಿದರೆ ಸಾಕು. ಓದುವ ಅಧಿಕಾರಿಗೆ ತನ್ನ ಕಡತದಲ್ಲಿ ಇದನ್ನು ಎಲ್ಲಿ ಸೇರಿಸಬೇಕೆಂದು ಗೊತ್ತಾಗುತ್ತದೆ. ಆದರೆ ೨೦೨೧ರ ಏಪ್ರಿಲ್‌ನಿಂದ ಇಂಥ ಹಣ ಪಡೆಯುವ ಸಂಸ್ಥೆಗಳು ಕೇಂದ್ರ ಸರಕಾರದಲ್ಲಿ ಸಿ.ಎಸ್.ಆರ್.-೧ ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಆದಾಯತೆರಿಗೆ ಇಲಾಖೆಯ ನೋಂದಣಿ, ಲೆಕ್ಕಪರಿಶೋಧಕರು ಸಹಿ ಮಾಡಿದ ವಾರ್ಷಿಕ ಲೆಕ್ಕಗಳು, ಆಡಳಿತ ಮಂಡಳಿಯ ಠರಾವು, ಇವೆಲ್ಲ ಅರ್ಜಿ ಬರೆಯುವ ಮುನ್ನವೇ ಕೈಯಲ್ಲಿರಬೇಕಾದ ಕಾಗದಗಳು. ನಮ್ಮ ಸಂಘದ ನೋಂದಣಿಪತ್ರ ಸಿಕ್ಕಿದ್ದು ಕಾರ್ಯದರ್ಶಿಗಳ ಮನೆಯ ಅಟ್ಟದ ಮೇಲೆ, ಕಾಳುಮೆಣಸಿನ ಚೀಲದ ಅಡಿಯಲ್ಲಿ. ಅದರ ನವೀಕರಣಕ್ಕೇ ಒಂದು ಮಳೆಗಾಲ ಹಿಡಿಯಿತು.

ಕಾಗದಪತ್ರದ ಕಥೆ ಅಷ್ಟಕ್ಕೇ ಇರಲಿ. ನಿಜವಾದ ಕೆಲಸ 'ಯಾರು ಬರುತ್ತಾರೆ' ಎಂಬ ಮೊದಲ ಪ್ರಶ್ನೆಯದು.

ನಮ್ಮ ವಾಚನಾಲಯ ಹೆಂಚಿನ ಮಾಡಿನ ಎರಡು ಕೋಣೆಗಳದ್ದು. ಗ್ರಂಥಪಾಲಕಿ ಊರಿನವರೇ ಆದ ಒಬ್ಬ ಮಹಿಳೆ; ಸಂಘ ಕೊಡುವ ಗೌರವಧನ ಹೇಳಿಕೊಳ್ಳುವಂಥದ್ದಲ್ಲ. ಎರವಲು ವಹಿಯನ್ನು ನೋಡಿ ಸದಸ್ಯರ ಸಂಖ್ಯೆ ಬರೆದರಾಯಿತೆಂದು ನಾನು ಹೊರಟಾಗ ಆಕೆ, "ಸರ್, ವಹಿಯಲ್ಲಿ ಇರುವುದು ಪುಸ್ತಕ ತೆಗೆದುಕೊಂಡು ಹೋದವರು ಮಾತ್ರ. ಬಂದು ಹಾಗೇ ಹೋದವರು ಅದರಲ್ಲಿ ಇಲ್ಲ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಹೊಸ ವಹಿಗೆ ಗೆರೆ ಹಾಕಿದೆವು. ಬಂದ ಹೊತ್ತು, ಬಂದವರು ಯಾರು, ಕೇಳಿದ್ದು ಏನು, ಸಿಕ್ಕಿತೋ ಇಲ್ಲವೋ. ಒಂದು ತಿಂಗಳು ಹೀಗೆ ಬರೆದಿಡಬೇಕೆಂದು ನಿಶ್ಚಯಿಸಿದೆವು. ವಾರಕ್ಕೆರಡು ದಿನ ನಾನೂ ಹೋಗಿ ಮೂಲೆಯಲ್ಲಿ ಕುಳಿತೆ.

ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ಬರುವವರು ನನ್ನಂಥವರೇ. ಪತ್ರಿಕೆ ಓದಿ, ಕಾಫಿಯ ಬೆಲೆ ಮಾತಾಡಿ, ಮನೆಗೆ ಹೋಗುವವರು. ಆಮೇಲೆ ನಾಲ್ಕೂವರೆಯವರೆಗೆ ಕೋಣೆ ಖಾಲಿ. ನಾಲ್ಕೂವರೆಗೆ ಶಾಲೆ ಬಿಟ್ಟು ಮಕ್ಕಳು ಬರುತ್ತಿದ್ದರು. ಒಳಗೆ ಬರುತ್ತಿದ್ದವರು ಕೆಲವರು. ಹೆಚ್ಚಿನವರು ಮಾಡಿನ ಕೆಳಗೆ, ಇಳಿಯುವ ನೀರಿನ ಅಂಚಿನಲ್ಲಿ ನಿಂತು ಕಿಟಕಿಯಿಂದ ನೋಡುತ್ತಿದ್ದರು. ತೋಟದ ಲೈನ್‌ಮನೆಗಳ ಮಕ್ಕಳು. ಮನೆಯಲ್ಲಿ ತಮಿಳೋ ಮಲೆಯಾಳವೋ ತುಳುವೋ, ಈಚೀಚೆಗೆ ಬಂದವರಾದರೆ ಅಸ್ಸಾಮಿಯೋ ಬಂಗಾಳಿಯೋ ಆಡುವವರು. ಹತ್ತಿರದ ಹಾಡಿಯಿಂದ ಬರುವ ಯರವ, ಕುರುಬ ಮಕ್ಕಳೂ ಅವರಲ್ಲಿದ್ದರು. ಶಾಲೆಯಲ್ಲಿ ಕಲಿತ ಕನ್ನಡವೇ ಅವರೆಲ್ಲರ ಸಮಾನ ಭಾಷೆ. ತಾಯಿತಂದೆಯರು ತೋಟದ ಕೆಲಸ ಮುಗಿಸಿ ಬರುವವರೆಗೆ ಅವರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಐದು ಗಂಟೆಗೆ ವಾಚನಾಲಯದ ಬಾಗಿಲು ಮುಚ್ಚುತ್ತಿತ್ತು.

ಒಳಗೇಕೆ ಬರುವುದಿಲ್ಲವೆಂದು ಕೇಳಿದಾಗ ಒಬ್ಬ ಹುಡುಗ ಬಾಗಿಲ ಪಕ್ಕದ ಹಲಗೆಯನ್ನು ತೋರಿಸಿದ. ಸದಸ್ಯತ್ವಕ್ಕೆ ನೂರು ರೂಪಾಯಿ ಠೇವಣಿ ಮತ್ತು 'ಸ್ಥಳೀಯ ಖಾಯಂ ನಿವಾಸಿಯಾದ ಸದಸ್ಯರೊಬ್ಬರ ಲಿಖಿತ ಶಿಫಾರಸು' ಕಡ್ಡಾಯವೆಂದು ಅದರಲ್ಲಿತ್ತು. ಆ ನಿಯಮಾವಳಿಯ ಭಾಷೆಯನ್ನು ಹತ್ತು ವರ್ಷ ಹಿಂದೆ ತಿದ್ದಿಕೊಟ್ಟವನು ನಾನೇ. 'ಲಿಖಿತ' ಎಂಬ ಪದ ನನ್ನ ಸೇರ್ಪಡೆ.

ಇಲ್ಲಿ ದೂರದ ಒಂದು ಪ್ರಸಂಗ ಹೇಳಬೇಕು. ಗ್ರಂಥಾಲಯಗಳಿಗೆ ಹಣ ಕೊಟ್ಟವರಲ್ಲಿ ಲೋಕಪ್ರಸಿದ್ಧನಾದವನು ಆಂಡ್ರೂ ಕಾರ್ನೆಗಿ. ಸ್ಕಾಟ್ಲೆಂಡಿನ ನೇಕಾರನೊಬ್ಬನ ಮಗ. ಅಮೆರಿಕೆಗೆ ಹೋಗಿ ಉಕ್ಕಿನ ಉದ್ಯಮದಲ್ಲಿ ಅಪಾರ ಹಣ ಗಳಿಸಿದವನು. ಅವನ ಹಣದಿಂದ ಕಟ್ಟಲ್ಪಟ್ಟ ಗ್ರಂಥಾಲಯಗಳು ಎರಡೂವರೆ ಸಾವಿರಕ್ಕೂ ಹೆಚ್ಚು. ಮೊದಲನೆಯದು ಅವನ ಹುಟ್ಟೂರು ಡನ್‌ಫರ್ಮ್‌ಲಿನ್‌ನಲ್ಲಿ ೧೮೮೩ರಲ್ಲಿ ತೆರೆಯಿತು. ಆದರೆ ಈ ಮಹಾದಾನಿ ಹುಡುಗನಾಗಿದ್ದಾಗ ತಾನೇ ಒಂದು ಅರ್ಜಿ ಬರೆದಿದ್ದ. ಪಿಟ್ಸ್‌ಬರ್ಗಿನ ಬಳಿ ಕರ್ನಲ್ ಆಂಡರ್ಸನ್ ಎಂಬಾತ ತನ್ನ ನಾನೂರು ಪುಸ್ತಕಗಳನ್ನು ದುಡಿಯುವ ಹುಡುಗರಿಗೆ ಓದಲು ಕೊಡುತ್ತಿದ್ದ. ಮುಂದೆ ಆ ಗ್ರಂಥಾಲಯದ ನಿಯಮ ಬಿಗಿಯಾಯಿತು: ಕೈಕಸುಬು ಕಲಿಯುವವರಿಗೆ ಮಾತ್ರ ಉಚಿತ, ಉಳಿದವರು ವರ್ಷಕ್ಕೆ ಎರಡು ಡಾಲರ್ ಕೊಡಬೇಕು. ತಂತಿ ಕಚೇರಿಯಲ್ಲಿ ಓಲೆ ಹಂಚುತ್ತಿದ್ದ ಕಾರ್ನೆಗಿ ಈ ಲೆಕ್ಕದಲ್ಲಿ ಹೊರಗುಳಿದ. ಆತ ಊರಿನ ಪತ್ರಿಕೆಗೆ ಕಾಗದ ಬರೆದು, ನಾವೂ ದುಡಿಯುವ ಹುಡುಗರಲ್ಲವೇ ಎಂದು ವಾದಿಸಿದ. ನಿಯಮ ಬದಲಾಯಿತು. ನಮ್ಮ ಮಾಡಿನ ಕೆಳಗಿನ ಹುಡುಗ ಪತ್ರಿಕೆಗೆ ಬರೆಯಲಿಲ್ಲ. ಹಲಗೆಯ ಕಡೆಗೆ ಕೈ ತೋರಿಸಿದ, ಅಷ್ಟೇ.

ತಿಂಗಳ ಕೊನೆಗೆ ವಹಿಯನ್ನು ಆಡಳಿತ ಮಂಡಳಿಯ ಮುಂದಿಟ್ಟೆವು. ನಾವು ಮೊದಲ ಅರ್ಜಿಯಲ್ಲಿ ಕೇಳಿದ್ದು ಸಾವಿರ ಪುಸ್ತಕಗಳನ್ನು, ಬಹುಮಟ್ಟಿಗೆ ನನ್ನ ಅಭಿರುಚಿಯ ಪುಸ್ತಕಗಳನ್ನು. ವಹಿ ಕೇಳುತ್ತಿದ್ದದ್ದು ಬೇರೆ. ಸಂಜೆ ಎಂಟರವರೆಗೆ ತೆರೆದ ಬಾಗಿಲು, ಓದಲು ಬೆಳಕು, ಕೂರಲು ಬೆಂಚು, ಚಿತ್ರಗಳುಳ್ಳ ಕನ್ನಡ ಪುಸ್ತಕಗಳು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ಏಳನೆಯ ತರಗತಿಯ ಒಬ್ಬಳು ಹುಡುಗಿ ಕೇಳಿದ್ದನ್ನು ಗ್ರಂಥಪಾಲಕಿ ಅವಳ ಮಾತಿನಲ್ಲೇ ಬರೆದಿದ್ದರು: "ಅಮ್ಮನಿಗೆ ಕನ್ನಡ ಕಲಿಸುವ ಪುಸ್ತಕ ಉಂಟಾ?" ಅದರ ಮುಂದಿನ ಕಲಮಿನಲ್ಲಿ 'ಇಲ್ಲ' ಎಂದಿತ್ತು.

ಮಂಡಳಿಯಲ್ಲಿ ಚರ್ಚೆ ಸುಲಭವಾಗಿ ಮುಗಿಯಲಿಲ್ಲ. ಹಿರಿಯ ಸದಸ್ಯರೊಬ್ಬರು, ಒಳ್ಳೆಯ ಓದುಗರು, ವಾಚನಾಲಯಕ್ಕೆ ಜಾಗ ಕೊಟ್ಟ ಮನೆತನದವರು, "ಇವರು ಇವತ್ತು ಈ ತೋಟ, ನಾಳೆ ಇನ್ನೊಂದು ತೋಟ. ಪುಸ್ತಕ ಹೋದರೆ ಯಾರು ಹೊಣೆ?" ಎಂದರು. ಅನ್ಯಾಯದ ಪ್ರಶ್ನೆಯೇನಲ್ಲ. ಬಹಳ ಹೊತ್ತಿನ ಮೇಲೆ ಗ್ರಂಥಪಾಲಕಿಯೇ ಒಂದು ದಾರಿ ತೋರಿಸಿದರು: ಹೋಗುವ ಪುಸ್ತಕಕ್ಕೂ ಅಂದಾಜುಪಟ್ಟಿಯಲ್ಲಿ ಒಂದು ಬಾಬ್ತು ಇಡೋಣ. ಶಾಲೆಯ ಮುಖ್ಯೋಪಾಧ್ಯಾಯರ ಸಹಿ ಇದ್ದರೆ ಠೇವಣಿಯಿಲ್ಲದೆ ಕಾರ್ಡು ಕೊಡುವುದೆಂದೂ, ಹರಿದುಹೋಗುವ, ಕಳೆದುಹೋಗುವ ಪುಸ್ತಕಗಳಿಗೆ ಸಣ್ಣ ಮೊತ್ತ ಕಾದಿಡುವುದೆಂದೂ ಠರಾವಾಯಿತು. ಆ ಹಿರಿಯರೇ ಅನುಮೋದಿಸಿದರು. ಹಲಗೆಯನ್ನು ಇಳಿಸುವಾಗ ನಾನು ಅಲ್ಲಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಮೊಳೆ ಕಿತ್ತವನು ನಾನೇ.

ಎರಡನೆಯ ಅರ್ಜಿ ಮೂರು ಪುಟಕ್ಕೆ ನಿಂತಿತು. ಮೊದಲ ಪುಟದಲ್ಲಿ ಊರು, ವಾಚನಾಲಯ, ಒಂದು ತಿಂಗಳ ವಹಿಯ ಸಾರ. ಅಂಕಿಗಳನ್ನು ವಹಿಯಲ್ಲಿದ್ದ ಹಾಗೆಯೇ ಕೊಟ್ಟೆವು. ಮಳೆ ಜೋರಾದ ದಿನ ಯಾರೂ ಬಂದಿರಲಿಲ್ಲ. ಆ ಸೊನ್ನೆಯನ್ನೂ ಬರೆದೆವು. ಕಾರ್ಯದರ್ಶಿಗಳಿಗೆ ಅದು ಇಷ್ಟವಿರಲಿಲ್ಲ. ಆದರೆ ಕೊಡುವವರ ಕಡೆಯಲ್ಲಿ ಕುಳಿತು ಓದುವವನು ನೂರಾರು ಅರ್ಜಿ ಓದಿದವನು. ಸೊನ್ನೆಯಿಲ್ಲದ ವಹಿಯನ್ನು ಅವನು ನಂಬುವುದು ಕಷ್ಟ.

ಎರಡನೆಯ ಪುಟದಲ್ಲಿ ಏನು ಮಾಡುತ್ತೇವೆ ಎಂಬುದು. ಇಲ್ಲಿ ಕನ್ನಡ ಅಧ್ಯಾಪಕನ ಅಭ್ಯಾಸ ನನ್ನನ್ನು ಬಹಳ ಕಾಡಿತು. 'ವಾಚನಾಭಿರುಚಿಯನ್ನು ಬೆಳೆಸಲಾಗುವುದು' ಎಂದು ಬರೆದೆ, ಹೊಡೆದುಹಾಕಿದೆ. ಬೆಳೆಸುವವರು ಯಾರು? ಬೆಳೆಯಿತೆಂದು ತಿಳಿಯುವುದು ಹೇಗೆ? ಕರ್ಮಣಿ ಪ್ರಯೋಗದಲ್ಲಿ ಹೊಣೆಗಾರ ಕಾಣೆಯಾಗುತ್ತಾನೆಂಬುದನ್ನು ತರಗತಿಯಲ್ಲಿ ವ್ಯಾಕರಣವಾಗಿ ಹೇಳಿದ್ದೆ. ಅದರ ವ್ಯವಹಾರ ಅರ್ಥವಾದದ್ದು ಈಗ. 'ಜೂನ್ ಒಂದರಿಂದ ಗ್ರಂಥಪಾಲಕಿ ವಾರಕ್ಕೆ ಐದು ದಿನ ಸಂಜೆ ಎಂಟರವರೆಗೆ ಬಾಗಿಲು ತೆರೆದಿಡುತ್ತಾರೆ. ಶನಿವಾರ ಮಕ್ಕಳಿಗೆ ಒಂದು ಗಂಟೆ ಗಟ್ಟಿಯಾಗಿ ಓದಿ ಹೇಳುತ್ತಾರೆ' ಎಂದು ಬರೆದ ಮೇಲೆ ವಾಕ್ಯಕ್ಕೆ ನೆಲ ಸಿಕ್ಕಿತು. ಎಸ್. ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಐದು ಸೂತ್ರಗಳನ್ನು ಗ್ರಂಥಾಲಯದ ಗೋಡೆಗಳ ಮೇಲೆ ನಾವು ಬರೆಸಿ ಹಾಕುತ್ತೇವೆ. ಅವುಗಳಲ್ಲಿ ಎರಡು, ಓದುಗನಿಗೆ ತಕ್ಕ ಪುಸ್ತಕ ಮತ್ತು ಪುಸ್ತಕಕ್ಕೆ ತಕ್ಕ ಓದುಗ ಒಬ್ಬರನ್ನೊಬ್ಬರು ಸೇರಬೇಕೆಂಬುದನ್ನೇ ಎರಡು ಕಡೆಯಿಂದ ಹೇಳುತ್ತವೆ. ಅವರ ಹೆಸರನ್ನು ಅರ್ಜಿಯಲ್ಲಿ ಎತ್ತಲಿಲ್ಲ. ಆ ಹುಡುಗಿ ಕೇಳಿದ ಪುಸ್ತಕದ ಸಾಲನ್ನು ವಹಿಯಿಂದ ಹಾಗೆಯೇ ಎತ್ತಿ ಬರೆದೆವು.

ಮೂರನೆಯ ಪುಟ ಅಂದಾಜುಪಟ್ಟಿ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಾಹಿತ್ಯದವರು ಇದನ್ನು ಕೀಳಾಗಿ ಕಾಣುತ್ತೇವೆ. 'ಒಟ್ಟು ಐದು ಲಕ್ಷ' ಎಂಬ ದುಂಡು ಮೊತ್ತ ಯಾರೂ ಅಂಗಡಿಗೆ ಹೋಗಿ ವಿಚಾರಿಸಿಲ್ಲವೆಂಬುದಕ್ಕೆ ಸಾಕ್ಷಿ. ಪ್ರತಿಯೊಂದಕ್ಕೂ ಎರಡು ಮೂರು ಕಡೆಯಿಂದ ಕೊಟೇಶನ್ ತರಿಸಿದೆವು. ಮುದ್ರಿತ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲ, ಉಕ್ಕಿನ ಕಪಾಟಿಗೆ ಉಂಟು. ಇದನ್ನು ಮರೆತರೆ ಮೊತ್ತವೇ ತಪ್ಪುತ್ತದೆ. ಮೈಸೂರಿನಿಂದ ಘಟ್ಟದ ಊರಿಗೆ ಕಪಾಟು ತರುವ ಸಾಗಣೆಯ ವೆಚ್ಚ ಬಯಲುಸೀಮೆಯವರಿಗೆ ಹೊಳೆಯುವುದಿಲ್ಲ, ಆದ್ದರಿಂದ ಬೇರೆಯಾಗಿ ತೋರಿಸಬೇಕು.

ಉಕ್ಕಿನ ಕಪಾಟೇ ಏಕೆ ಎಂಬುದಕ್ಕೂ ಕಾರಣ ಹೇಳಬೇಕಾಯಿತು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಮರದ ಕಪಾಟು ಉಬ್ಬುತ್ತದೆ, ಪುಸ್ತಕದ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ೨೦೧೮ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರಿನ ಕಡೆ ಗುಡ್ಡಗಳೇ ಕುಸಿದು ಮನೆಮಠ ಕೊಚ್ಚಿಹೋದಾಗ ಪುಸ್ತಕದ ಮಾತನ್ನು ಯಾರೂ ಆಡಲಿಲ್ಲ, ಆಡುವಂತೆಯೂ ಇರಲಿಲ್ಲ. ನಮ್ಮ ವಾಚನಾಲಯದ ಹೆಂಚು ಹಾರಿ ಕೆಳಗಿನ ಎರಡು ಸಾಲು ಪುಸ್ತಕಗಳು ನೆಂದು ಮುದ್ದೆಯಾದವು. ಅವುಗಳನ್ನು ಹೂತೆವು. ಆದುದರಿಂದ ನೆಲದಿಂದ ಒಂದಡಿ ಎತ್ತರದ ಕಾಲು, ಗೋಡೆಯಿಂದ ಅರ್ಧ ಅಡಿ ಅಂತರ, ಹಿಂಬದಿಯಲ್ಲಿ ಗಾಳಿಯಾಡುವ ರಂಧ್ರ, ಹೀಗೆ ಕಪಾಟಿನ ವಿವರವನ್ನು ಚಿತ್ರ ಸಮೇತ ಕೊಟ್ಟೆವು. ನನ್ನ ಬರವಣಿಗೆಯಲ್ಲಿ ಅತ್ಯಂತ ಉಪಯುಕ್ತವಾದ ಪ್ಯಾರಾ ಯಾವುದೆಂದು ಕೇಳಿದರೆ ಈ ಕಪಾಟಿನ ಪ್ಯಾರಾವನ್ನು ತೋರಿಸುತ್ತೇನೆ.

ಗ್ರಂಥಪಾಲಕಿಯ ಸಂಜೆಯ ಮೂರು ಗಂಟೆಗೆ ಹೆಚ್ಚುವರಿ ಗೌರವಧನವನ್ನು ಪ್ರತ್ಯೇಕ ಬಾಬ್ತಾಗಿ ಇಟ್ಟೆವು. ಬೇಡವೆಂದವರಿದ್ದರು. ಕೊಡುವವರಿಗೆ ವಸ್ತು ಕಾಣಬೇಕು, ಫಲಕ ಹಾಕಬೇಕು, ಸಂಬಳ ಕಾಣುವುದಿಲ್ಲ ಎಂಬುದು ಅವರ ವಾದ. ಅದರಲ್ಲಿ ನಿಜವೂ ಇದೆ. ಎಷ್ಟೋ ನಿಧಿಗಳು ಪುಸ್ತಕ ಪೀಠೋಪಕರಣಗಳಿಗಷ್ಟೇ ಕೊಡುತ್ತವೆ, ಕೇಳುವ ಮುನ್ನ ನಿಯಮ ಓದಿಕೊಳ್ಳಬೇಕು. ಆದರೂ ನಾಗಾವಿಯ ಆರು ಭಂಡಾರಿಗರನ್ನು ನೆನೆದು ನಾನು ಪಟ್ಟು ಹಿಡಿದೆ.

ಉಳಿದದ್ದು ಚೀಟಿಯ ಎರಡನೆಯ ಪ್ರಶ್ನೆ, ಮುಂದೆ ಯಾರು ನಡೆಸುತ್ತಾರೆ ಎಂಬುದು. ಕಾರ್ನೆಗಿಯ ಕಡೆಯವರೂ ಇದನ್ನೇ ಕೇಳುತ್ತಿದ್ದರು. ಕಟ್ಟಡಕ್ಕೆ ಅವನು ಹಣ ಕೊಡಬೇಕಾದರೆ ಊರು ನಿವೇಶನ ಕೊಡಬೇಕು, ಅಲ್ಲದೆ ಕೊಟ್ಟ ಮೊತ್ತದ ಹತ್ತನೆಯ ಒಂದು ಪಾಲನ್ನು ಪ್ರತಿವರ್ಷ ತನ್ನ ತೆರಿಗೆಯಿಂದ ಗ್ರಂಥಾಲಯದ ನಿರ್ವಹಣೆಗೆ ಇಡುತ್ತೇವೆಂದು ಒಪ್ಪಬೇಕು. ಈ ಷರತ್ತನ್ನು ಕಂಡು ಹಿಂದೆಗೆದ ಊರುಗಳೂ ಇದ್ದವು. ಅಲ್ಲಿಯ ಪತ್ರವ್ಯವಹಾರವನ್ನೆಲ್ಲ ನೋಡುತ್ತಿದ್ದವನು ಜೇಮ್ಸ್ ಬರ್ಟ್ರಮ್ ಎಂಬ ಕಾರ್ಯದರ್ಶಿ. ಕಟ್ಟಡಗಳಲ್ಲಿ ಗೋಪುರ ಕಂಬಗಳ ಆಡಂಬರ ಕಂಡು ಬೇಸತ್ತು, ೧೯೧೧ರಲ್ಲಿ ಗ್ರಂಥಾಲಯದ ಒಳಗಿನ ಜಾಗವನ್ನು ಹೇಗೆ ಬಳಸಬೇಕೆಂದು ಒಂದು ಕೈಪಿಡಿಯನ್ನೇ ಬರೆದು ಕಳುಹಿಸತೊಡಗಿದವನು. ನನ್ನ ಮೊದಲ ಐದು ಪುಟಗಳು ಅವನ ಮೇಜಿಗೆ ಹೋಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ನಾನು ಒಬ್ಬನೇ ನಕ್ಕಿದ್ದುಂಟು.

ನಮ್ಮಲ್ಲಿ ತೆರಿಗೆ ಹಾಕುವ ಅಧಿಕಾರವಿಲ್ಲ. ಇದ್ದದ್ದು ಸದಸ್ಯರು ಮಾತ್ರ. ಎರಡನೆಯ ವರ್ಷದಿಂದ ಸಂಜೆಯ ಗೌರವಧನವನ್ನು ಭರಿಸಲು ಹನ್ನೆರಡು ಮನೆಗಳವರು ತಿಂಗಳಿಗೊಬ್ಬರಂತೆ ಒಪ್ಪಿ ಸಹಿ ಮಾಡಿದರು. ಕಾಫಿ ಕೊಯ್ಲಿನ ನಂತರ ಕೈಯಲ್ಲಿ ಹಣವಿರುವ ತಿಂಗಳುಗಳಿಗೆ ಪೈಪೋಟಿ, ಜುಲೈ ಆಗಸ್ಟಿಗೆ ಯಾರೂ ಇಲ್ಲ. ಆ ಎರಡು ತಿಂಗಳಿಗೆ ಸಹಿ ಮಾಡಿದವರು ಪಿಂಚಣಿದಾರರಾದ ನಾವಿಬ್ಬರು. ಆ ಸಹಿಗಳ ಹಾಳೆಯನ್ನು ಅರ್ಜಿಗೆ ಲಗತ್ತಿಸಿದೆವು. ಬಿಳಿಯೂರಿನ ಶಾಸನದ ಸಾಕ್ಷಿಗಳ ಸಾಲು ನನ್ನ ಮನಸ್ಸಿನಲ್ಲಿತ್ತು, ಯಾರಿಗೂ ಹೇಳಲಿಲ್ಲ.

ಮಂಜೂರಾಯಿತು. ಕೇಳಿದಷ್ಟಲ್ಲ. ಪುಸ್ತಕದ ಬಾಬ್ತಿನಲ್ಲಿ ಕಡಿತವಾಗಿತ್ತು. ಕಪಾಟು ಮತ್ತು ಗೌರವಧನವನ್ನು ಮುಟ್ಟಿರಲಿಲ್ಲ.

ಹಣ ಬಂದ ಮೇಲೆ ಬರೆಯುವ ಕೆಲಸ ಮುಗಿಯಿತೆಂದು ತಿಳಿಯುವವರು ಬಹಳ. ಅನುದಾನ ಪಡೆದ ಅನೇಕ (ಈ ಪದವನ್ನು ಇಲ್ಲಿ ಒಮ್ಮೆ ಬಳಸುತ್ತೇನೆ) ಸಂಸ್ಥೆಗಳು ಎರಡನೆಯ ಸಲ ಕೇಳಲಾರದೆ ಹೋಗುವುದು ಇಲ್ಲಿಯೇ. ಪ್ರತಿ ರಸೀದಿಗೂ ಅಂದಾಜುಪಟ್ಟಿಯ ಕ್ರಮಸಂಖ್ಯೆ ಹಾಕಿ ಇಡಬೇಕು. ಕೊಂಡ ಪ್ರತಿ ಪುಸ್ತಕಕ್ಕೂ ಪರಿಗ್ರಹಣ ಸಂಖ್ಯೆ ಬರೆದಿರಬೇಕು. ವರ್ಷದ ಕೊನೆಗೆ ಹಣಬಳಕೆ ಪ್ರಮಾಣಪತ್ರಕ್ಕೆ ಲೆಕ್ಕಪರಿಶೋಧಕರ ಸಹಿ ಬೇಕು. ಇವುಗಳಲ್ಲಿ ಯಾವುದನ್ನೂ ವರ್ಷದ ಕೊನೆಯಲ್ಲಿ ಕೂತು ಹೊಸದಾಗಿ ಸೃಷ್ಟಿಸಲಾಗುವುದಿಲ್ಲ. ಪ್ರಯತ್ನಿಸಿದವರ ಪಾಡನ್ನು ನೋಡಿದ್ದೇನೆ. ನಮ್ಮ ಗ್ರಂಥಪಾಲಕಿ ಅದನ್ನೆಲ್ಲ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ, ಬಾಬ್ತಿಗೊಂದು ಕ್ಲಿಪ್ಪು ಹಾಕಿ, ತೇವ ಹೀರಲು ಕೆಳಗೆ ಒಂದು ಹಿಡಿ ಅಕ್ಕಿ ಹರಡಿ ಇಟ್ಟಿದ್ದರು.

ವರದಿಯನ್ನು ಈ ಸಲ ಆಕೆಯೇ ಬರೆದರು. ನಾನು ಒತ್ತಕ್ಷರ ತಿದ್ದಿದೆ, ಅಷ್ಟೇ. ಸಂಜೆ ಬಂದ ಮಕ್ಕಳ ಲೆಕ್ಕ ತಿಂಗಳುವಾರು ಅದರಲ್ಲಿತ್ತು. ಹಿಂದಿರುಗದ ಪುಸ್ತಕಗಳ ಪಟ್ಟಿ ಇತ್ತು. ನಾವು ಕಾದಿಟ್ಟ ಬಾಬ್ತು ಪೂರ್ತಿ ಖರ್ಚಾಗಿರಲಿಲ್ಲ, ಉಳಿದದ್ದನ್ನು ಚೆಕ್ಕಿನ ಮೂಲಕ ಹಿಂದಿರುಗಿಸಿದ್ದನ್ನೂ ಅದರಲ್ಲಿ ಬರೆದಿದ್ದರು. ತಾಯಿಗೆ ಕನ್ನಡ ಕಲಿಸುತ್ತೇನೆಂದ ಹುಡುಗಿಯ ಮನೆಯವರು ಜನವರಿಯಲ್ಲಿ ಬೇರೆ ತ ೋಟಕ್ಕೆ ಹೋದರು. ಹೋಗುವ ಮುನ್ನ ಪುಸ್ತಕವನ್ನು ತಂದುಕೊಟ್ಟಿದ್ದಳು. ಜುಲೈ ತಿಂಗಳ ಸಾಲಿನಲ್ಲಿ ಮಕ್ಕಳ ಸಂಖ್ಯೆ ಅರ್ಧಕ್ಕೂ ಕಡಿಮೆಯಾಗಿತ್ತು. ಕಾರಣ ಬರೆಯುವ ಜಾಗದಲ್ಲಿ ಆಕೆ, 'ಗಾಳಿಮಳೆಗೆ ಹದಿನೇಳು ದಿನ ಸಂಜೆ ಕರೆಂಟು ಇರಲಿಲ್ಲ' ಎಂದು ಬರೆದಿದ್ದರು.

ಕೊಟ್ಟವರಿಂದ ಒಂದು ಸಾಲಿನ ಉತ್ತರ ಬಂತು: ಹಾಗಾದರೆ ಮುಂದಿನ ಮಳೆಗಾಲಕ್ಕೆ ಬೆಳಕಿಗೆ ಏನು ಮಾಡುತ್ತೀರಿ? ಈಗ ನಾವು ಆ ಪ್ರಶ್ನೆಯ ಕೆಳಗೆ ಸೌರದೀಪದ ಕೊಟೇಶನ್‌ಗಳನ್ನು ಜೋಡಿಸುತ್ತಿದ್ದೇವೆ. ಎರಡು ಬಂದಿವೆ, ಮೂರನೆಯದು ಕುಶಾಲನಗರದಿಂದ ಬರಬೇಕು.